ಹುತ್ತವಿಲ್ಲದ ಅಣಬೆ

ಊಟ ಮುಗಿಸಿ ಸಿಂಕಿನ ಬಳಿ ಬಂದ ವಂದನಾ, ಚೀಲದ ತಳದಲ್ಲಿ ಉಳಿದಿದ್ದ ಅಣಬೆಯನ್ನು ಕೈಗೆತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಉಳಿದವನ್ನೆಲ್ಲ ಗಂಡ ಆಕಾಶ್ ಬುಡ ಬಿಟ್ಟು ಕೊಯ್ದು ತಂದಿದ್ದ. ಇದೊಂದು ಬುಡಸಮೇತ ಬಂದಿತ್ತು. ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಪೊರೆಯೊಳಗೆ ಅದರ ಬುಡ ಕೂತಿತ್ತು. ಕಾರ್ಕಳದಲ್ಲಿ ಅಜ್ಜಿ ಹುತ್ತದಿಂದ ಕೀಳುತ್ತಿದ್ದ ಅಣಬೆಗೆ ಗೇಣುದ್ದದ ಬೇರಿರುತ್ತಿತ್ತು.

“ಆಕಾಶ್, ಇದು ಹುತ್ತದ ಮೇಲೆ ಇತ್ತಲ್ವಾ?”

“ಈ ಚಳಿ ದೇಶದ ರೈಸ್ಲಿಪ್ ಕಾಡಲ್ಲಿ ಹುತ್ತ ಎಲ್ಲಿಂದ ಬರತ್ತೆ? ಓಕ್ ಮರದ ಕೆಳಗಿತ್ತು,” ಎಂದ ಆಕಾಶ್, ತಟ್ಟೆಗಂಟಿದ್ದ ಅಣಬೆ ಸಾರನ್ನು ಬೆರಳಲ್ಲಿ ಬಳಿಯುತ್ತ. “ವಿಷ ಇದ್ಯಾ ಅಂತ ನೀನೇ ಅರಿಶಿನ ಹಾಕಿ ನೋಡಿದೆಯಲ್ಲ. ಕಪ್ಪಾಗ್ಲಿಲ್ಲ.”

ಕಪ್ಪಾಗಿರಲಿಲ್ಲ, ನಿಜ. ಅಜ್ಜಿ ಮಾಡುತ್ತಿದ್ದ ಹಾಗೆಯೇ ಅವಳು ಪರೀಕ್ಷೆ ಮಾಡಿದ್ದಳು. ಆದರೆ ಅಜ್ಜಿ ಆ ಪರೀಕ್ಷೆ ಮಾಡುತ್ತಿದ್ದದ್ದು ಹುತ್ತದಿಂದ ತಂದ ಅಣಬೆಗೆ ಮಾತ್ರ. ಬೇರೆ ಯಾವುದನ್ನೂ ಅವಳು ಮನೆಯೊಳಗೇ ತರುತ್ತಿರಲಿಲ್ಲ. ಅದು ವಂದನಾಳಿಗೆ ನೆನಪಾದದ್ದು ಈಗ.

ಒದ್ದೆ ಕೈಯಲ್ಲೇ ಫೋನ್ ಎತ್ತಿಕೊಂಡಳು. ಆಂಬ್ಯುಲೆನ್ಸಿನ ನಂಬರ್ ಒತ್ತತೊಡಗಿದಳು. ಹಿಂದಿನಿಂದ ಯಾರೋ ಅವಳ ಕುರ್ತಾ ಜಗ್ಗಿದರು. ಮಗಳು ಸಂಹಿತಾ, ನೆಕ್ಕಿ ಚೊಕ್ಕ ಮಾಡಿದ ತಟ್ಟೆ ಚಾಚಿ ನಿಂತಿದ್ದಳು.

“ಅಮ್ಮಾ, ಈಸ್ ದೇರ್ ಎನಿ ಲೆಫ್ಟ್?”

ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ.