ನಾಲ್ಕನೇ ಮಹಡಿಯ ಗಂಟು

ಬಳ್ಳಾರಿಯ ಮಾತಿನ ಮನೆಗೆ ಏಳು ಮಹಡಿ. ಮೇಲೆ ಆಡಿದ ಮಾತು ಮಹಡಿಗೊಂದು ಬಟ್ಟೆ ಸುತ್ತಿಸಿಕೊಳ್ಳುತ್ತ ಕೆಳಗಿಳಿದು, ತಂತಿ ಹಿಡಿದು ಕಾರವಾರಕ್ಕೆ ಹೋಗುತ್ತಿತ್ತು. ಅಲ್ಲಿನ ಮನೆಯನ್ನು ಹತ್ತುತ್ತ ಒಂದೊಂದೇ ಬಟ್ಟೆ ಕಳಚುತ್ತಿತ್ತು. ಅಲ್ಲಿಂದ ಬಳ್ಳಾರಿಗೆ ಬರುವ ಮಾತೂ ಹೀಗೆಯೇ. ಒಂದು ಮಹಡಿಯವರು ಕಟ್ಟಿದ ಗಂಟನ್ನು ಆ ಕಡೆ ಅದೇ ಮಹಡಿಯವರೇ ಬಿಚ್ಚಬೇಕು, ಒಳಗಿನದನ್ನು ನೋಡುವಂತಿಲ್ಲ.

ನಾಲ್ಕನೇ ಮಹಡಿಯ ಪಂಪಕ್ಕನಿಗೆ ಕಾರವಾರದ ನಾಲ್ಕನೇ ಮಹಡಿಯವರ ಮುಖ, ಹೆಸರು ಯಾವುದೂ ಗೊತ್ತಿಲ್ಲ. ಗಂಟಿನ ತುದಿಯನ್ನು ಬೀಡಾದಂತೆ ಮಡಚಿ ಸಿಕ್ಕಿಸುವ ಆ ಕೈ ಮಾತ್ರ ಚೆನ್ನಾಗಿ ಗೊತ್ತು.

"ಅಕ್ಕಾ, ಆ ಕಡೆ ನಿಮ್ ಮಹಡಿಯವ್ರು ಇವತ್ತು ರಿಟೈರ್ ಆಗ್ತಾರಂತೆ," ಎನ್ನುತ್ತ ಮೂರನೇ ಮಹಡಿಯ ಕರಿಬಸಪ್ಪ ಸಂಜೆಯ ಕಡೇ ಗಂಟನ್ನು ತಂದಿಟ್ಟ.

ಗಂಟು ಬಂದು ಮುಟ್ಟಿದರೆ ಆ ಕಡೆಗೆ ಬಿಳಿ ಚೀಟಿ ಕಳಿಸಬೇಕು. ಮುಟ್ಟದಿದ್ದರೆ ಕೆಂಪು ಚೀಟಿ. ಆಗ ಅವರು ಅದೇ ಮಾತನ್ನು ಮತ್ತೆ ಕಟ್ಟಿ ಕಳಿಸುತ್ತಾರೆ. ಪಂಪಕ್ಕ ಗಂಟು ಬಿಚ್ಚಿ ಒಳಗಿನದನ್ನು ಮೇಲಕ್ಕೆ ಕೊಟ್ಟಳು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಸುಳ್ಳೇ ಒಂದು ಕೆಂಪು ಚೀಟಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಅದೇ ಗಂಟು ಬಂತು, ಅದೇ ಬೀಡಾ ಮಡಿಕೆ.

"ಇದು ಆಗ್ಲೇ ಬಂದಿತ್ತಲ್ಲಕ್ಕಾ?" ಎಂದ ಕರಿಬಸಪ್ಪ.

"ಹೌದೇನು? ನಂಗೆ ಮರ್ತೇ ಹೋಯ್ತು ನೋಡಪ್ಪ," ಎಂದು ಪಂಪಕ್ಕ ಕಣ್ಣೊರೆಸಿಕೊಂಡು ಬಿಳಿ ಚೀಟಿ ಕೊಟ್ಟಳು.

ಆ ಚೀಟಿ ಕಾರವಾರ ಮುಟ್ಟಿತು. ಅದಾದ ಮೇಲೂ, ಯಾರೂ ಕೇಳದೆಯೇ, ಅದೇ ಗಂಟು ಇನ್ನೊಮ್ಮೆ ಮೆಟ್ಟಿಲು ಹತ್ತಿ ಬಂತು.