ಕೋರ್ಟಿಗೆ ಬಂದ ಬಾಗಿಲು

ಕುಂದಾಪುರದ ಕೋರ್ಟಿನ ಮೆಟ್ಟಿಲೇರಿ ಬಂದ ಗುಡ್ಡನ ತಲೆಯ ಮೇಲೆ ಒಂದು ಬಾಗಿಲಿತ್ತು. ಹಳೆಯ ಚಾಪೆ ಸುತ್ತಿದ್ದರೂ ಹಲಗೆಯ ತುದಿ, ಕಿತ್ತ ಕೀಲು ಹೊರಗೆ ಕಾಣುತ್ತಿದ್ದವು. ಹಿಂದೆ ಬಾಗಿ ಎಂಬ ಅವನ ಹೆಂಡತಿ ಏದುಸಿರು ಬಿಡುತ್ತ ಬಂದಳು.

ಕೊಕ್ಕರ್ಣೆಯ ಶಾಮರಾಯರಿಗೆ ನಗು ತಡೆಯಲಾಗಲಿಲ್ಲ. ಗುಡ್ಡನನ್ನು ಗದ್ದೆಯಿಂದಲೂ ಗದ್ದೆಯಂಚಿನ ಮನೆಯಿಂದಲೂ ಎಬ್ಬಿಸಲು ದಾವೆ ಹೂಡಿದವರು ಅವರೇ. ತೀರ್ಪು ಬರುವ ಮೊದಲೇ ಮನೆ ಕಿತ್ತುಕೊಂಡು ಹೊರಟಿದ್ದಾನಲ್ಲ, ಪೆದ್ದ!

"ಏ ಗುಡ್ಡ, ಬಾಗ್ಲ್ ಮಾತ್ರ ತಂದ್ಯಾ? ಗ್ವಾಡಿ, ಮಾಡೂ ಹೊತ್ಕಂಡ್ ಬಪ್ಪುಕ್ ಆಯಿಲ್ಯಾ?"

"ಬಾಗ್ಲ್ ಒಂದೇ ಸಾಕ್ ಅಂದೇಳಿ ವಕೀಲ್ರ್ ಹೇಳಿರ್, ಒಡ್ಯಾ," ಎಂದ ಗುಡ್ಡ. ಬಾಗಿಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿದ.

ಗೇಣಿ ಕೊಟ್ಟು ಉಳುವ ಒಕ್ಕಲನ್ನು ಎಬ್ಬಿಸಬಾರದೆಂದು ಹೊಸ ಕಾಯಿದೆ ಬಂದಿತ್ತು. ಅದಕ್ಕೇ ಶಾಮರಾಯರು ಗುಡ್ಡ ಒಕ್ಕಲೇ ಅಲ್ಲ, ಬರೀ ಕೂಲಿಯವ ಎಂದು ದಾವೆಯಲ್ಲಿ ಬರೆಸಿದ್ದರು. ಹದಿನಾರು ವರ್ಷ ಅವನು ಗೇಣಿಯ ಅಕ್ಕಿಮುಡಿ ಹೊತ್ತು ತಂದು ಅವರ ಚಾವಡಿಯಲ್ಲಿ ಇಳಿಸಿದ್ದ. ಒಂದು ಮುಡಿಗೂ ರಶೀದಿಯಿಲ್ಲ. ಆ ಮನೆಯಲ್ಲಿ ಅಂಥ ಪದ್ಧತಿಯೇ ಇರಲಿಲ್ಲ.

ಪಡೆಯುವುದರಲ್ಲಿ ಮಾತ್ರ ಈ ಮಹಾಶಯರು ಎತ್ತಿದ ಕೈ. ಮೂರು ವರ್ಷದ ಹಿಂದೆ, ಯುದ್ಧಕಾಲದಲ್ಲಿ, ಹೆಚ್ಚು ಬೆಳೆಯಿರಿ ಎಂದು ಸರಕಾರ ರೈತರಿಗೆ ಅಗ್ಗದ ಗೊಬ್ಬರ ಹಂಚಿತು. ಜನ್ಮದಲ್ಲಿ ನೇಗಿಲು ಮುಟ್ಟದ ಶಾಮರಾಯರೇ ಸಾಲಿನಲ್ಲಿ ಮೊದಲಿಗರು! ಹೆಂಡತಿ ಗೋದಾವರಿಯ ಹೆಸರಿನಲ್ಲಿ ಹತ್ತು ಗೋಣಿ. ಭಾವ ವೈಕುಂಠನ ಹೆಸರಿನಲ್ಲಿ ಹತ್ತು. ಸತ್ತು ನಾಲ್ಕು ವರ್ಷವಾಗಿದ್ದ ಅತ್ತೆಯೂ ಹತ್ತು ಗೋಣಿ ಪಡೆದಳು, ಪಾಪ. ಮನೆಯವರ ಹೆಸರು ಮುಗಿದ ಮೇಲೆ ಇನ್ನೂ ಹತ್ತು ಗೋಣಿಗೆ ಗುಡ್ಡನ ಹೆಬ್ಬೆಟ್ಟೂ ಬೇಕಾಯಿತು.

ಅವತ್ತು ಶಾಮರಾಯರಿಗೆ ಗುಡ್ಡನ ಮೇಲೆ ಭಾರೀ ಗುಮಾನಿ. ದಾರಿಯಲ್ಲಿ ಒಂದು ಗೋಣಿ ಹಾರಿಸಿಬಿಟ್ಟರೆ? ಗಾಡಿಯ ಹಿಂದೆಯೇ ನಡೆದರು. ಹತ್ತಕ್ಕೆ ಹತ್ತೂ ಅವರ ಅಂಗಳದಲ್ಲಿ ಇಳಿದವು, ವಾರದೊಳಗೆ ಹಾಲಾಡಿ ಪೇಟೆಯಲ್ಲಿ ಮೂರು ಪಟ್ಟು ಬೆಲೆಗೆ ಮಾರಿಹೋದವು. ಗುಡ್ಡನ ಗದ್ದೆಗೆ ಒಂದು ಮುಷ್ಟಿ ಬೀಳಲಿಲ್ಲ.

"ಒಂದ್ ಖಾಲಿ ಗೋಣಿ ಆದ್ರೂ ಕೊಡಿ ಒಡ್ಯಾ. ಮಕ್ಕಳಿಗ್ ಹಾಸುಕ್ ಆತ್ತ್," ಎಂದು ಅಂಗಲಾಚಿದ್ದಳು ಬಾಗಿ.

"ಗೋಣಿ ಎಂತಕ್? ತಕೋ, ರಾಜನ ಕಿರೀಟ ಇಪ್ಪು ಕಾಗ್ದ! ಮನೀಲ್ ಇಟ್ಕಂಡ್ ಕೈ ಮುಗಿ." ಮೊಹರು ಬಿದ್ದು ಗೊಬ್ಬರದ ಜೊತೆ ವಾಪಸು ಬಂದ ಅರ್ಜಿಯ ಹಾಳೆಯನ್ನು ಅವಳ ಕಾಲಬುಡಕ್ಕೆ ಎಸೆದು ಶಾಮರಾಯರು ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಬಾಗಿ ಅದನ್ನು ಹೆಕ್ಕಿ ಕಣ್ಣಿಗೊತ್ತಿಕೊಂಡು ಹೋದದ್ದನ್ನು ಊರಿಡೀ ಹೇಳಿ ಇನ್ನೊಮ್ಮೆ ನಕ್ಕಿದ್ದರು.

ಈಗ ಅವರು ಕಟಕಟೆ ಹತ್ತಿ, ಶಲ್ಯ ಸರಿಪಡಿಸಿಕೊಂಡು, ದೇವರ ಮೇಲೆ ಪ್ರಮಾಣ ಮಾಡಿದರು.

"ಇವ ನಮ್ಮ ಕೂಲಿಯಾಳು ಸ್ವಾಮಿ. ಅಂಗೈ ಅಗಲ ನೆಲವನ್ನೂ ನಾನು ಇವನಿಗೆ ಗೇಣಿಗೆ ಕೊಟ್ಟವನಲ್ಲ. ಕೊಟ್ಟದ್ದಕ್ಕೆ ಒಂದು ಚೂರು ಕಾಗದವಿದ್ದರೆ ತೋರಿಸಲಿ."

ಗುಡ್ಡನ ವಕೀಲ ಕಮಲಾಕ್ಷ ಎದ್ದು, ಬಾಗಿಲನ್ನು ಒಳಗೆ ತರಲು ಹೇಳಿದ. ಕೋರ್ಟಿಗೆ ಕೋರ್ಟೇ ನಕ್ಕಿತು. ಶಾಮರಾಯರು ಎಲ್ಲರಿಗಿಂತ ಜೋರಾಗಿ ನಕ್ಕರು.

"ಕಾಗ್ದ ಗಂಜಿ ಹಾಕಿ ಅಂಟ್ಸಿದ್ದ್ ಸಾಮಿ, ಎಬ್ಸುಕ್ ಹೋರೆ ಹರಿತ್ತ್. ಹಾಂಗಾಯಿ ಬಾಗ್ಲೇ ತಂದ್," ಎನ್ನುತ್ತ ಬಾಗಿ ಚಾಪೆ ಬಿಚ್ಚಿದಳು.

ಕಿರೀಟದ ಮೊಹರಿನ ಕೆಳಗೆ ಶಾಮರಾಯರ ದುಂಡಗಿನ ಅಕ್ಷರ ಒಂದೂ ಮಾಸಿರಲಿಲ್ಲ: "ಗುಡ್ಡನು ಹದಿಮೂರು ವರ್ಷದಿಂದ ನನ್ನ ಗೇಣಿ ಒಕ್ಕಲು, ಗೊಬ್ಬರಕ್ಕೆ ಅರ್ಹನೆಂದು ಪ್ರಮಾಣಪೂರ್ವಕ ರುಜು ಹಾಕಿದ್ದೇನೆ."