ಹೆಗಲ ಮೇಲಿನ ಕೈ

ಪತ್ರಿಕೆಯ ನಿಧನ ವಾರ್ತೆಯ ಪುಟವನ್ನು ಮೇಜಿನ ಮೇಲೆ ಹರಡಿ ರೊಸಾರಿಯೊ ಒಂದು ಫೋಟೊದ ಮೇಲೆ ಬೆರಳಿಟ್ಟರು. "ಇದು ನನ್ನ ದೋಸ್ತಿ ಜೆಫ್ರಿ. ಅವನ ಹೆಗಲ ಮೇಲೆ ಒಂದು ಕೈ ಉಂಟಲ್ವಾ, ಅದು ಯಾರದ್ದು ಹೇಳಿ ನೋಡುವ."

ಜೋವಿನ್‌ಗೂ ಕರುಣಾಕರನಿಗೂ ಗೊತ್ತಾಗಲಿಲ್ಲ. ಫೋಟೊದಲ್ಲಿ ಕೈ ಮಾತ್ರ ಇತ್ತು, ಕೈಯ ಯಜಮಾನ ಇರಲಿಲ್ಲ.

"ಅವನ ಭಾವನದ್ದು! ಜಾಗದ ಗಡಿಗಾಗಿ ಇಬ್ಬರೂ ಜೀವಮಾನವಿಡೀ ಕೋರ್ಟಿಗೆ ಅಲೆದವರು. ಮನೆಯವರಿಗೆ ಅವಸರದಲ್ಲಿ ಬೇರೆ ಫೋಟೊ ಸಿಗಲಿಲ್ಲ, ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ಕೊಟ್ಟರು. ಪಾಪ, ಆ ಕೈಯನ್ನು ಹೊತ್ತುಕೊಂಡೇ ಮೇಲೆ ಹೋದ. ನನಗೆ ಹಾಗಾಗಬಾರದು. ಈಗಲೇ ಒಂದು ಫೋಟೊ ತೆಗೆದಿಡಿ. ನನ್ನ ಮುಖ ನನ್ನ ಹಾಗೆ ಕಾಣಬೇಕು, ಹೆಗಲ ಮೇಲೆ ಯಾರ ಕೈಯೂ ಇರಬಾರದು. ಅಷ್ಟೇ ಸಾಕು."

ಕೇಳಿದ್ದು ಅಷ್ಟೇ, ಆದರೆ ಕೇಳಿದ್ದು ಯಾರಲ್ಲಿ ನೋಡಿ. ಜೋವಿನ್, ರೊಸಾರಿಯೊ ಅವರ ತಂಗಿಯ ಮಗ, ಕಾರ್ಕಳದಲ್ಲಿ ಬ್ಯಾಂಕ್ ನೌಕರ. ಕರುಣಾಕರ ನೆರೆಮನೆಯವನು, ಬೆಳ್ಮಣ್ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಇಬ್ಬರೂ ಒಂದೇ ವಾಟ್ಸಾಪ್ ಫೋಟೊ ಬಳಗದ ಪಂಡಿತರು. ಭಾನುವಾರ ಬಂತೆಂದರೆ ಕಾಪುವಿನ ದೀಪಸ್ತಂಭದ ಎದುರು ಟ್ರೈಪಾಡ್ ಊರುವವರು. ಆ ದೀಪಸ್ತಂಭಕ್ಕೆ ಕಾಲಿದ್ದಿದ್ದರೆ ಎಂದೋ ಸಮುದ್ರಕ್ಕೆ ಇಳಿದು ಹೋಗುತ್ತಿತ್ತು. ಇಬ್ಬರಿಗೂ ಗೊತ್ತಿಲ್ಲದ ವಿಷಯವಿಲ್ಲ, ಇಬ್ಬರೂ ಒಪ್ಪಿದ ವಿಷಯವೂ ಇಲ್ಲ.

ಮುಂದಿನ ಭಾನುವಾರ ದೀಪಸ್ತಂಭಕ್ಕೆ ರಜೆ ಸಿಕ್ಕಿತು. ರೊಸಾರಿಯೊ ಗಡ್ಡ ಹೆರೆದು, ಮಗಳ ಮದುವೆಯ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತರು.

"ಕಿಟಕಿಯ ಕಡೆ ತಿರುಗಿ ಅಂಕಲ್," ಎಂದ ಜೋವಿನ್. "ಮೆದು ಬೆಳಕು ಅಲ್ಲಿಂದ ಬರುವುದು."

"ಎಂತ ಮೆದು ಮಾರಾಯ, ಇದು ಪಾಸ್‌ಪೋರ್ಟ್ ಫೋಟೊವಾ?" ಎಂದ ಕರುಣಾಕರ. "ಬಾಗಿಲ ಕಡೆ ತಿರುಗಲಿ. ಅರ್ಧ ಮುಖ ನೆರಳಿನಲ್ಲಿದ್ದರೆ ಒಂದು ಗಾಂಭೀರ್ಯ."

"ಉಳಿದ ಅರ್ಧ ಎಲ್ಲಿ ಹೋಯಿತು ಅಂತ ಜನ ಕೇಳುವುದಿಲ್ವಾ?" ಎಂದರು ರೊಸಾರಿಯೊ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತು ಲೆನ್ಸಿಗೆ ಹೋಗಿತ್ತು.

"ಹಿಂದಿನದ್ದೆಲ್ಲ ಮಸುಕಾಗಿ ಪೂರ್ತಿ ಕರಗಿಹೋಗಬೇಕು," ಎಂದು ಜೋವಿನ್ ಹೇಳುತ್ತಿದ್ದಂತೆ ರೊಸಾರಿಯೊ ಅವರ ಹೆಂಡತಿ ಸಿಸಿಲಿಯಾ ಅಡುಗೆಮನೆಯಿಂದ ಹೊರಗೆ ಬಂದರು. "ಹಿಂದೆ ಇರುವುದು ಯೇಸುವಿನ ಪಟ. ಅದನ್ನು ಕರಗಿಸುವುದು ಬೇಡ."

ಕೊನೆಗೆ ಬಾಯಿಂದ ಆಗದ್ದನ್ನು ಕೈಯಿಂದ ಮಾಡಲು ಹೊರಟರು. ಜೋವಿನ್ ಒಂದು ಹೆಗಲು ಹಿಡಿದು ಕಿಟಕಿಯ ಕಡೆ ತಿರುಗಿಸಿದ. ಕರುಣಾಕರ ಇನ್ನೊಂದು ಹೆಗಲು ಹಿಡಿದು ಬಾಗಿಲ ಕಡೆ ಎಳೆದ. ನಡುವೆ ಓಲಾಡುತ್ತಿದ್ದ ರೊಸಾರಿಯೊಗೆ ನಗು ತಡೆಯಲಾಗಲಿಲ್ಲ. "ನೋಡು ಸಿಸಿಲಿ, ಸಾಯುವ ಮೊದಲೇ ಹೊತ್ತುಕೊಂಡು ಹೋಗುತ್ತಿದ್ದಾರೆ!" ಕುವೈಟಿನಲ್ಲಿರುವ ಮಗಳಿಗೆ ಕಳಿಸಲೆಂದು ಸಿಸಿಲಿಯಾ ತಮ್ಮ ಫೋನಿನಲ್ಲಿ ಒಂದು ಫೋಟೊ ಹೊಡೆದರು.

ಪಂಡಿತರಿಬ್ಬರ ಕ್ಯಾಮೆರಾಗಳೂ ಭರ್ತಿಯಾದವು. ಆಮೇಲೆ ಶುರುವಾಯಿತು ಎಡಿಟಿಂಗ್. ಜೋವಿನ್‌ನ ಕಂಪ್ಯೂಟರಿನಿಂದ ಹೊರಬಂದ ರೊಸಾರಿಯೊ ಇಗರ್ಜಿಗೆ ಮೊದಲ ಕಮ್ಯುನಿಯನ್ನಿಗೆ ಹೊರಟ ಪುಟ್ಟ ಹುಡುಗನ ಹಾಗಿದ್ದರು, ಹುಡುಕಿದರೂ ಒಂದು ಸುಕ್ಕಿಲ್ಲ. ಕರುಣಾಕರ ಕಪ್ಪುಬಿಳುಪು ಮಾಡಿ ಒಂದೊಂದು ಸುಕ್ಕನ್ನೂ ಆಳ ತೋಡಿದ್ದ; ಮುಖ ಕಲ್ಲು ಕಡಿದು ತೆಗೆದ ಕೋರೆಯಂತಿತ್ತು. ಎರಡನ್ನೂ ನೋಡಿ ರೊಸಾರಿಯೊ ಕೇಳಿದರು, "ಇದರಲ್ಲಿ ನಾನು ಯಾರು?"

ವಿಷಯ ಬಳಗಕ್ಕೆ ಹೋಯಿತು. ಅರ್ಧ ಬಳಗ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಎರಡೂ ಕಡೆ ಇಲ್ಲದವರು ಹೊಸ ಲೆನ್ಸ್ ತೆಗೆದುಕೊಳ್ಳಲು ಸಲಹೆ ಕೊಟ್ಟರು. ಮನುಷ್ಯ ಕೇಳಿದ್ದು ತನ್ನ ಮುಖವನ್ನು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕೊಟ್ಟರು. ಕೊನೆಗೆ ಇಬ್ಬರೂ ಅಪರೂಪಕ್ಕೆ ಒಂದು ಮಾತಿಗೆ ಒಪ್ಪಿದರು: ಮಳೆ ಮುಗಿಯಲಿ, ಒಳ್ಳೆಯ ಬೆಳಕಿನಲ್ಲಿ ಇನ್ನೊಮ್ಮೆ ತೆಗೆಯುವ.

ರೊಸಾರಿಯೊ ಒಳ್ಳೆಯ ಬೆಳಕಿಗೆ ಕಾಯಲಿಲ್ಲ. ಮಳೆ ಸುರಿಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕುಳಿತಲ್ಲೇ ಹೋಗಿಬಿಟ್ಟರು. ಸಂಜೆಯೊಳಗೆ ಫೋಟೊ ಬೇಕೆಂದು ಪತ್ರಿಕೆಯವರು ಹೇಳಿದ್ದರು.

"ನನ್ನದು ರೆಡಿ ಉಂಟು ಆಂಟಿ, ಬಣ್ಣ ಸ್ವಲ್ಪ ಸರಿ ಮಾಡಿ ಕಳಿಸ್ತೇನೆ," ಎಂದ ಜೋವಿನ್.

"ಅದು ಬೇಡ, ಅದರಲ್ಲಿ ಮೇಣದ ಗೊಂಬೆಯ ಹಾಗೆ ಕಾಣುತ್ತಾರೆ," ಎಂದ ಕರುಣಾಕರ. "ನನ್ನದನ್ನೇ ಹಾಕಿ. ಸ್ವಲ್ಪ ಶಾರ್ಪ್ ಮಾಡಿದರೆ ಆಯಿತು."

ಶವಪೆಟ್ಟಿಗೆ ಅಂಗಳಕ್ಕೆ ಬಂತು, ಫೋಟೊ ಬರಲಿಲ್ಲ. ಸಿಸಿಲಿಯಾ ಕಣ್ಣೊರೆಸಿಕೊಂಡು ತಮ್ಮ ಫೋನು ತೆರೆದರು. ಗಂಡ ತಮ್ಮನ್ನೇ ನೋಡಿ ನಗುತ್ತಿದ್ದ ಆ ಒಂದು ಫೋಟೊದಲ್ಲಿ ಅವರಿಗೆ ಬೇರೇನೂ ಕಾಣಲಿಲ್ಲ. ಅದನ್ನೇ ಕಳಿಸಿದರು. ಪತ್ರಿಕೆಯವರು ಚೌಕಕ್ಕೆ ಹೊಂದುವಂತೆ ಎರಡೂ ಬದಿ ಕತ್ತರಿಸಿ ಹಾಕಿದರು.

ಮರುದಿನ ಶವಸಂಸ್ಕಾರದ ಹೊತ್ತಿಗೆ ಇಗರ್ಜಿಯ ಅಂಗಳದಲ್ಲಿ ಎಲ್ಲರ ಕೈಯಲ್ಲೂ ಪತ್ರಿಕೆ. ಮುಖ ಥೇಟ್ ರೊಸಾರಿಯೊ ಅವರದ್ದೇ. ಈಗ ಏನೋ ತಮಾಷೆ ಹೇಳುತ್ತಾರೆ ಎಂಬಂತಿತ್ತು. ಎಲ್ಲೂರಿನಿಂದ ಬಂದಿದ್ದ ಸಿಸಿಲಿಯಾ ಅವರ ಹಳೆಯ ಗೆಳತಿ ಸೆಲೀನ್ ಬಾಯಿ ಕನ್ನಡಕ ಏರಿಸಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದರು.

"ಮುಖ ಒಳ್ಳೆಯದು ಬಂದಿದೆ. ಆದರೆ ಎರಡೂ ಹೆಗಲ ಮೇಲೆ ಒಂದೊಂದು ಕೈ ಉಂಟಲ್ಲ, ಇದು ಯಾರದ್ದು?"

ಜೋವಿನ್ ಕರುಣಾಕರನ ಕಡೆ ನೋಡಿದ. ಕರುಣಾಕರ ನೆಲ ನೋಡಿದ. ಆಮೇಲೆ ಇಬ್ಬರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ತಮ್ಮ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ಇಳಿಸಿದರು.